ಗಣಕಯಂತ್ರದ ಕೂಲರ್: ಮೂಗಿಗಿಂತ ಮೂಗುತಿ ಭಾರ ಬೇಡ

ಏಪ್ರಿಲ್, ಮೇ ತಿಂಗಳುಗಳು ಬಂದವೆಂದರೆ ಮುಂಬಯಿ, ಠಾಣೆ, ಡೊಂಬಿವಲಿಯ ಮನೆಗಳಲ್ಲಿ ಮನುಷ್ಯರಷ್ಟೇ ಅಲ್ಲ, ಮೂಲೆಯಲ್ಲಿ ಕುಳಿತ ಡೆಸ್ಕ್‌ಟಾಪ್ ಕಂಪ್ಯೂಟರ್ ಕೂಡ ಏದುಸಿರು ಬಿಡತೊಡಗುತ್ತದೆ. ಫ್ಯಾನ್ ಜೋರಾಗಿ ಕೂಗುತ್ತದೆ, ಮಗಳ ಇಂಜಿನಿಯರಿಂಗ್ ನಕ್ಷೆ ತೆರೆಯಲು ತಡವಾಗುತ್ತದೆ, ಸಂಘದ ಕಚೇರಿಯಲ್ಲಿ ಸ್ಮರಣ ಸಂಚಿಕೆಯ ಪುಟ ಕಟ್ಟುತ್ತಿರುವಾಗಲೇ ಯಂತ್ರ ತಟ್ಟನೆ ಆರಿಹೋಗುತ್ತದೆ. ರಿಪೇರಿಗೆ ಬಂದವರು ಮುಚ್ಚಳ ತೆಗೆದು ನೋಡಿ 'ಕೂಲರ್ ಬದಲಿಸಬೇಕು' ಎನ್ನುತ್ತಾರೆ. ಅಂಗಡಿಗೆ ಹೋದರೆ ಐನೂರು ರೂಪಾಯಿಯಿಂದ ಹದಿನೈದು ಸಾವಿರದವರೆಗೆ ಬೆಲೆಯ ಡಬ್ಬಿಗಳು ಸಾಲಾಗಿ ಕುಳಿತಿರುತ್ತವೆ. ಎಲ್ಲದರ ಮೇಲೂ ಬಣ್ಣದ ದೀಪ, ಎಲ್ಲದರ ಮೇಲೂ ದೊಡ್ಡ ದೊಡ್ಡ ಅಂಕಿ. ಯಾವುದನ್ನು ಆರಿಸಬೇಕೆಂದು ತಿಳಿಯದೆ, ಕೊನೆಗೆ ಅಂಗಡಿಯವರು ಕೈಗಿತ್ತದ್ದನ್ನೇ ತರುವವರು ನಮ್ಮ ನಡುವೆ ಅನೇಕರು.

ತಿಂಗಳ ಸಂಬಳದಲ್ಲಿ ಮಕ್ಕಳ ಫೀಸು, ಮನೆಯ ಕಂತು ಎಲ್ಲವನ್ನೂ ತೂಗಿಸುವ ನಮ್ಮವರಿಗೆ ಇಲ್ಲಿ ಐದು ಸಾವಿರ ಉಳಿದರೂ ಅದು ದೊಡ್ಡ ಮೊತ್ತವೇ. ಸದಸ್ಯರ ದೇಣಿಗೆಯಿಂದ ನಡೆಯುವ ಸಂಘ-ಸಂಸ್ಥೆಗಳಿಗಂತೂ ಹೇಳುವುದೇ ಬೇಡ. ಮನೆಯ ಅಥವಾ ಕಚೇರಿಯ ಸಾಮಾನ್ಯ ಕಂಪ್ಯೂಟರಿಗೆ ದುಬಾರಿ ಕೂಲರಿನ ಅಗತ್ಯವಿಲ್ಲ. ಎಷ್ಟೋ ಸಲ ಹೊಸ ಕೂಲರಿನ ಅಗತ್ಯವೇ ಇರುವುದಿಲ್ಲ. ಇದನ್ನು ಅಂಗಡಿಯವರ ಮಾತಿನಿಂದಲ್ಲ, ನಾಲ್ಕು ಸರಳ ಲೆಕ್ಕಗಳಿಂದ ನಾವೇ ತಿಳಿದುಕೊಳ್ಳಬಹುದು.

ಕಂಪ್ಯೂಟರಿನ ಮಿದುಳೆನಿಸಿದ ಪ್ರೊಸೆಸರ್ ಎಷ್ಟು ವಿದ್ಯುತ್ ತಿನ್ನುತ್ತದೆಯೋ ಅಷ್ಟನ್ನೂ ಕೊನೆಗೆ ಶಾಖವಾಗಿಯೇ ಹೊರಬಿಡುತ್ತದೆ. 1993ರಲ್ಲಿ ಬಂದ ಮೊದಲ ಪೆಂಟಿಯಂ ಸುಮಾರು 15 ವ್ಯಾಟ್‌ನದು. ಅಂಗೈಯಲ್ಲಿ ಅಡಗುವಷ್ಟು ಪುಟ್ಟ ಫ್ಯಾನ್ ಅದಕ್ಕೆ ಸಾಕಾಗಿತ್ತು. 2004ರ ಪೆಂಟಿಯಂ 4 ಪೀಳಿಗೆಯ ಕೆಲವು ಮಾದರಿಗಳು 115 ವ್ಯಾಟ್ ಮುಟ್ಟಿದವು. 2023ರಲ್ಲಿ ಬಂದ ಇಂಟೆಲ್ ಐ9-14900ಕೆ ಪೂರ್ಣ ವೇಗದಲ್ಲಿ ಓಡುವಾಗ 253 ವ್ಯಾಟ್ ತನಕ ಹೋಗಬಹುದೆಂದು ಕಂಪೆನಿಯೇ ಹೇಳಿದೆ. ನಾಲ್ಕು ಸೀಲಿಂಗ್ ಫ್ಯಾನ್ ತಿರುಗಲು ಬೇಕಾಗುವಷ್ಟು ವಿದ್ಯುತ್ತು ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಶಾಖವಾಗಿ ಮಾರ್ಪಡುತ್ತದೆ ಎಂದರೆ ಕೂಲರಿನ ಕೆಲಸವೇನೆಂಬುದು ಅರ್ಥವಾದೀತು.

ಹಾಗೆಂದು ಗಾಬರಿ ಬೀಳಬೇಕಾಗಿಲ್ಲ. ಈಗಿನ ಪ್ರೊಸೆಸರುಗಳು ಮಾದರಿಗೆ ತಕ್ಕಂತೆ 90ರಿಂದ 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ತಾವಾಗಿಯೇ ವೇಗ ತಗ್ಗಿಸಿಕೊಳ್ಳುತ್ತವೆ. ಅದಕ್ಕೂ ಬಗ್ಗದಿದ್ದರೆ ಯಂತ್ರವೇ ಆರಿಹೋಗುತ್ತದೆ. ಆದ್ದರಿಂದ ಬಿಸಿಯಿಂದ ನಮಗಾಗುವ ಮುಖ್ಯ ನಷ್ಟ ಸುಟ್ಟುಹೋಗುವುದಲ್ಲ, ಕೊಟ್ಟ ಹಣಕ್ಕೆ ತಕ್ಕ ವೇಗ ಸಿಗದೇ ಹೋಗುವುದು. 75 ಡಿಗ್ರಿಯಲ್ಲಿ ಓಡುವ ಪ್ರೊಸೆಸರನ್ನು ಇನ್ನಷ್ಟು ಖರ್ಚು ಮಾಡಿ 60ಕ್ಕೆ ಇಳಿಸಿದರೆ ಕಣ್ಣಿಗೆ ಕಾಣುವ ಲಾಭ ಏನೂ ಇಲ್ಲ. ಸದ್ದು ಕಡಿಮೆಯಾದೀತು, ಅಷ್ಟೇ.

ಮೊದಲು ಧೂಳು, ಆಮೇಲೆ ದುಡ್ಡು

ಅಂಗಡಿಗೆ ಹೋಗುವ ಮೊದಲು ಬಿಸಿ ನಿಜವಾಗಿ ಎಷ್ಟಿದೆ ಎಂದು ನೋಡಬೇಕು. ವಿಂಡೋಸ್‌ನ ಟಾಸ್ಕ್ ಮ್ಯಾನೇಜರಿನಲ್ಲಿ ಪ್ರೊಸೆಸರಿನ ಉಷ್ಣತೆ ಕಾಣುವುದಿಲ್ಲ. ಅದಕ್ಕಾಗಿ ಕೋರ್ ಟೆಂಪ್, ಎಚ್‌ಡಬ್ಲ್ಯುಇನ್ಫೋ ಮುಂತಾದ ತಂತ್ರಾಂಶಗಳು ಮನೆಬಳಕೆಗೆ ಉಚಿತವಾಗಿ ದೊರೆಯುತ್ತವೆ. ಅದನ್ನು ತೆರೆದಿಟ್ಟು, ನೀವು ದಿನವೂ ಮಾಡುವ ಅತಿ ಭಾರದ ಕೆಲಸವನ್ನೇ ಹದಿನೈದು-ಇಪ್ಪತ್ತು ನಿಮಿಷ ಮಾಡಿ. ಅಂಕಿ 85ರೊಳಗೆ ನಿಂತರೆ ಕಿಸೆಗೆ ಕೈ ಹಾಕಬೇಕಾಗಿಲ್ಲ. 95ರ ಆಸುಪಾಸಿನಲ್ಲಿ ಅಂಟಿಕೊಂಡು, ಜೊತೆಗೆ ಗಿಗಾಹರ್ಟ್ಸ್ ಅಂಕಿ ಇಳಿಯುತ್ತಿದ್ದರೆ ಮಾತ್ರ ಮುಂದಿನ ಯೋಚನೆ.

ಆ ಮುಂದಿನ ಯೋಚನೆಯೂ ಹೊಸ ಕೂಲರಿನದಲ್ಲ, ಬ್ರಶ್ಶಿನದು. ಒಂದು ಕೋಣೆ-ಅಡಿಗೆಮನೆಯ ನಮ್ಮ ಮನೆಗಳಲ್ಲಿ ಒಗ್ಗರಣೆಯ ಹೊಗೆ, ದೇವರ ಮುಂದಿನ ಊದುಬತ್ತಿಯ ಹೊಗೆ, ರಸ್ತೆ ಮತ್ತು ರೈಲುಹಳಿಯ ಧೂಳು ಎಲ್ಲವೂ ಒಂದೇ ಗಾಳಿಯಲ್ಲಿ ಸುತ್ತುತ್ತಿರುತ್ತವೆ. ಎಣ್ಣೆಯ ಪಸೆ ಸೇರಿದ ಧೂಳು ಬರಿಯ ಧೂಳಲ್ಲ. ಮಳೆಗಾಲದ ತೇವವೂ ಕೂಡಿದ ಮೇಲೆ ಅದು ಕೂಲರಿನ ರೆಕ್ಕೆಗಳ ನಡುವೆ ಕಂಬಳಿಯಂತೆ ಹೆಣೆದುಕೊಳ್ಳುತ್ತದೆ. ಫ್ಯಾನ್ ತಿರುಗುತ್ತದೆ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. ಮೆತ್ತನೆಯ ಬ್ರಶ್ಶಿನಿಂದ, ಕೈಯಲ್ಲಿ ಹಿಡಿಯುವ ಬ್ಲೋವರಿನಿಂದ ಅದನ್ನು ತೆಗೆಯಬೇಕು. ಗಾಳಿ ಊದುವಾಗ ಫ್ಯಾನಿನ ಎಲೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ಇಲ್ಲವಾದರೆ ಅದು ಹುಚ್ಚು ವೇಗದಲ್ಲಿ ತಿರುಗಿ ಹಾಳಾಗಬಹುದು. ಮೊದಲೇ ಪ್ಲಗ್ ಕಿತ್ತಿರಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಎರಡನೆಯದು ಪೇಸ್ಟು. ಪ್ರೊಸೆಸರಿನ ಲೋಹದ ಮುಚ್ಚಳಕ್ಕೂ ಕೂಲರಿನ ತಳಕ್ಕೂ ನಡುವೆ ಕಣ್ಣಿಗೆ ಕಾಣದ ಸಂದುಗಳಿರುತ್ತವೆ. ಅವುಗಳಲ್ಲಿ ಗಾಳಿ ನಿಂತರೆ ಶಾಖ ದಾಟುವುದಿಲ್ಲ. ಅದನ್ನು ತುಂಬಲೆಂದೇ ಥರ್ಮಲ್ ಪೇಸ್ಟ್ ಇರುವುದು. ನಾಲ್ಕಾರು ವರ್ಷಗಳಲ್ಲಿ ಇದು ಒಣಗಿ ಸುಣ್ಣದ ಹಾಗಾಗುತ್ತದೆ. ಹಳೆಯದನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಬಟಾಣಿ ಕಾಳಿನಷ್ಟು ಹೊಸ ಪೇಸ್ಟನ್ನು ನಡುವೆ ಇಟ್ಟು ಕೂಲರನ್ನು ಒತ್ತಿ ಕೂರಿಸಿದರೆ ಅದು ತಾನಾಗಿ ಹರಡಿಕೊಳ್ಳುತ್ತದೆ. ಕೆಲವು ನೂರು ರೂಪಾಯಿಯ ಒಂದು ಸಣ್ಣ ಟ್ಯೂಬು ಮೂರು-ನಾಲ್ಕು ಕಂಪ್ಯೂಟರಿಗೆ ಸಾಕು. ಟೂತ್‌ಪೇಸ್ಟ್ ಹಚ್ಚಿದರೂ ನಡೆಯುತ್ತದೆಂದು ಹೇಳುವವರಿದ್ದಾರೆ. ಅದು ಹಲ್ಲಿಗೇ ಇರಲಿ, ಒಂದೆರಡು ವಾರದಲ್ಲಿ ಒಣಗಿ ಮೊದಲಿಗಿಂತ ಕಷ್ಟ ಕೊಡುತ್ತದೆ. ಧೂಳು ತೆಗೆದು ಪೇಸ್ಟ್ ಬದಲಿಸಿದ ಮಾತ್ರಕ್ಕೆ ಹಳೆಯ ಯಂತ್ರದ ಬಿಸಿ 10 ಡಿಗ್ರಿಗೂ ಮೀರಿ ಇಳಿಯುವುದುಂಟು.

ಇನ್ನೊಂದು ಮಾತು ಮರೆಯುವಂತಿಲ್ಲ. ಅನೇಕರ ಮನೆಯ ಕಂಪ್ಯೂಟರ್ ಟೇಬಲಿನ ಕೆಳಗೆ ಕ್ಯಾಬಿನೆಟ್ ಇಡಲು ಬಾಗಿಲಿರುವ ಗೂಡೊಂದಿರುತ್ತದೆ. ನೋಡಲು ಅಚ್ಚುಕಟ್ಟು, ಆದರೆ ಕಂಪ್ಯೂಟರ್ ತಾನು ಬಿಟ್ಟ ಬಿಸಿಗಾಳಿಯನ್ನು ತಾನೇ ಮತ್ತೆ ಉಸಿರಾಡುವ ಏರ್ಪಾಡು ಅದು. ಆ ಬಾಗಿಲನ್ನು ಬಿಚ್ಚಿಡಲು ಒಂದು ಸ್ಕ್ರೂಡ್ರೈವರ್ ಸಾಕು, ಹಿಂಬದಿಯ ಹಲಗೆಯನ್ನೂ ತೆಗೆದರೆ ಇನ್ನೂ ಒಳ್ಳೆಯದು.

ಡಬ್ಬಿಯೊಳಗೆ ಬಂದದ್ದೇ ಸಾಕೇ?

ಇಂಟೆಲ್ ಐ5-12400, ಎಎಂಡಿ ರೈಝನ್ 5 5600 ಮುಂತಾದ ಮಧ್ಯಮ ದರ್ಜೆಯ ಪ್ರೊಸೆಸರುಗಳ ಡಬ್ಬಿಯಲ್ಲಿ ಕೂಲರೂ ಇರುತ್ತದೆ. ಪತ್ರ ಬರೆಯಲು, ಟ್ಯಾಲಿಯಲ್ಲಿ ಲೆಕ್ಕ ಇಡಲು, ನುಡಿ ಅಥವಾ ಬರಹದಲ್ಲಿ ಆಮಂತ್ರಣ ಪತ್ರಿಕೆ ಮಾಡಲು, ಹೋಟೆಲಿನ ಬಿಲ್ಲು ಹೊಡೆಯಲು ಅದು ಧಾರಾಳ ಸಾಕು. ಬಿಲ್ಲಿಂಗ್ ಕಂಪ್ಯೂಟರಿಗೆ ದೊಡ್ಡ ಕೂಲರ್ ಹಾಕಿಸುವುದೆಂದರೆ ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟಂತೆ. ಆದರೆ ಹೆಸರಿನ ಕೊನೆಯಲ್ಲಿ 'ಕೆ' ಅಕ್ಷರವಿರುವ ಇಂಟೆಲ್ ಮಾದರಿಗಳು, ರೈಝನ್ 5 7600ಎಕ್ಸ್‌ನಂತಹ ಎಎಂಡಿ ಮಾದರಿಗಳು ಕೂಲರ್ ಇಲ್ಲದೆಯೇ ಬರುತ್ತವೆ. ಅಂಗಡಿಗಳಲ್ಲಿ ತುಸು ಅಗ್ಗವಾಗಿ ಮಾರುವ, ಡಬ್ಬಿಯಿಲ್ಲದ 'ಟ್ರೇ' ಪ್ರೊಸೆಸರಿನಲ್ಲೂ ಕೂಲರ್ ಇರುವುದಿಲ್ಲ. ಅಲ್ಲಿ ಉಳಿದ ಹಣ ಇಲ್ಲಿ ಖರ್ಚಾಗುತ್ತದೆಯೇ ಎಂದು ಕೂಡಿಸಿ-ಕಳೆದು ನೋಡಬೇಕು.

ಇಲ್ಲಿ ವ್ಯಾಟ್ ಲೆಕ್ಕದ ಒಂದು ಸೂಕ್ಷ್ಮವಿದೆ. ಐ5-12400ರ ಮೇಲೆ 65 ವ್ಯಾಟ್ ಎಂದು ಬರೆದಿದ್ದರೂ ಪೂರ್ಣ ವೇಗದಲ್ಲಿ ಅದು 117 ವ್ಯಾಟ್ ತನಕ ಏರಬಹುದೆಂದು ಇಂಟೆಲ್ ಕೊಡುವ ವಿವರಗಳಲ್ಲೇ ಇದೆ. ಮದುವೆ ವಿಡಿಯೋ ಸಂಕಲನ, ಅನಿಮೇಶನ್, ತ್ರೀಡಿ ಕಟ್ಟಡ ನಕ್ಷೆ ಮುಂತಾಗಿ ಗಂಟೆಗಟ್ಟಲೆ ಯಂತ್ರವನ್ನು ದುಡಿಸುವವರು ಈ ಎರಡನೆಯ ಅಂಕಿಯನ್ನೇ ನೋಡಬೇಕು. ಕೂಲರಿನ ಡಬ್ಬಿಯ ಮೇಲೆ '220 ವ್ಯಾಟ್', '250 ವ್ಯಾಟ್' ಎಂದು ಅಚ್ಚಾಗಿರುವುದನ್ನು ಮಾತ್ರ ಹೆಚ್ಚು ನಂಬಬೇಡಿ. ಒಂದೊಂದು ಕಂಪೆನಿ ಒಂದೊಂದು ರೀತಿ ಅಳೆಯುತ್ತದೆ, ಎಲ್ಲರಿಗೂ ಒಪ್ಪಿತವಾದ ತಕ್ಕಡಿ ಇಲ್ಲ.

ಜತೆಗೆ ಊರಿನ ಹವೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಗಾಳಿಯ ಕೂಲರಾಗಲಿ, ನೀರಿನದಾಗಲಿ, ಕೋಣೆಯ ಉಷ್ಣತೆಗಿಂತ ಕೆಳಗೆ ಪ್ರೊಸೆಸರನ್ನು ಇಳಿಸಲಾರದು. ಕೋಣೆ ಹತ್ತು ಡಿಗ್ರಿ ಬಿಸಿಯಾದರೆ ಪ್ರೊಸೆಸರೂ ಹೆಚ್ಚುಕಡಿಮೆ ಹತ್ತು ಡಿಗ್ರಿ ಏರುತ್ತದೆ. ದಿಲ್ಲಿಯ ಡಿಸೆಂಬರಿನಲ್ಲಿ ಹಾಯಾಗಿದ್ದ ಅದೇ ಯಂತ್ರ ಜೂನ್ ತಿಂಗಳಲ್ಲಿ ಬಳಲುವುದು ಈ ಕಾರಣಕ್ಕೆ. ವಿದೇಶದ ಪರೀಕ್ಷಾ ವರದಿಗಳನ್ನು ಬಹುಪಾಲು 20-25 ಡಿಗ್ರಿಯ ತಂಪು ಕೋಣೆಯಲ್ಲಿ ಸಿದ್ಧಪಡಿಸಿರುತ್ತಾರೆ. ಚೆನ್ನೈ, ಹೈದರಾಬಾದಿನ ಎಸಿ ಇಲ್ಲದ ಮನೆಯಲ್ಲಿ ಕುಳಿತು ಓದುವಾಗ ಅವರ ಅಂಕಿಗೆ ಹತ್ತು-ಹನ್ನೆರಡು ಕೂಡಿಸಿಕೊಳ್ಳುವುದು ಜಾಣತನ.

ಇಡ್ಲಿ ಪಾತ್ರೆಯ ತತ್ವ

ಇನ್ನು ಕೊಳ್ಳಲೇಬೇಕೆಂದಾದರೆ ಯಾವುದು? ಗೋಪುರದ ಆಕಾರದ, ನಾಲ್ಕು ತಾಮ್ರದ ಕೊಳವೆಗಳ, 120 ಮಿ.ಮೀ. ಫ್ಯಾನ್ ಇರುವ ಗಾಳಿ ಕೂಲರ್ ನಮ್ಮಲ್ಲಿ ನೂರಕ್ಕೆ ತೊಂಬತ್ತು ಮನೆಗಳಿಗೆ ಸಾಕೆಂಬುದು ಈ ಲೇಖಕನ ಅಭಿಪ್ರಾಯ.

ಈ ಕೊಳವೆಗಳು ಬರಿಯ ತಾಮ್ರದ ಸರಳುಗಳಲ್ಲ. ಒಳಗೆ ಗಾಳಿಯನ್ನು ಹೀರಿ ತೆಗೆದು, ಚೂರೇ ಚೂರು ನೀರು ಹಾಕಿ ಎರಡೂ ತುದಿ ಮುಚ್ಚಿರುತ್ತಾರೆ. ಒತ್ತಡ ಕಡಿಮೆಯಿರುವುದರಿಂದ ಆ ನೀರು ನೂರು ಡಿಗ್ರಿಗಿಂತ ಎಷ್ಟೋ ಕೆಳಗೇ ಕುದಿದು ಆವಿಯಾಗುತ್ತದೆ. ಆವಿ ಮೇಲೇರಿ, ಫ್ಯಾನಿನ ಗಾಳಿಗೆ ತಣ್ಣಗಿರುವ ಅಲ್ಯುಮಿನಿಯಂ ರೆಕ್ಕೆಗಳ ಬಳಿ ಮತ್ತೆ ನೀರಾಗುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳದ ಒಳಮೈಯಲ್ಲಿ ಹನಿ ಕಟ್ಟುತ್ತದಲ್ಲ, ಅದೇ ತತ್ವ. ಕೊಳವೆಯ ಒಳಗೋಡೆಯಲ್ಲಿರುವ ಬತ್ತಿಯಂತಹ ಪದರ ಆ ನೀರನ್ನು ಹೀರಿ ಮರಳಿ ತಳಕ್ಕೆ ತರುತ್ತದೆ. ಪಂಪು ಬೇಡ, ರಿಪೇರಿ ಇಲ್ಲ, ವರ್ಷಗಟ್ಟಲೆ ಹೀಗೇ ನಡೆಯುತ್ತದೆ. ಹಾಳಾಗುವುದಿದ್ದರೆ ಫ್ಯಾನ್ ಮಾತ್ರ. ಅದು ಯಾವ ಅಂಗಡಿಯಲ್ಲೂ ಸಿಗುವ ಅಳತೆಯದು.

ಡೀಪ್‌ಕೂಲ್ ಕಂಪೆನಿಯ ಎಜಿ400 ಮತ್ತು ಎಕೆ400, ಹತ್ತು ವರ್ಷಕ್ಕೂ ಮೀರಿ ಬೇರೆ ಬೇರೆ ರೂಪಗಳಲ್ಲಿ ಬರುತ್ತಿರುವ ಕೂಲರ್ ಮಾಸ್ಟರ್ ಹೈಪರ್ 212, ಇವೆಲ್ಲ ಈ ಜಾತಿಯವು. ಬೆಲೆ ದಿನಕ್ಕೊಂದು ಅಂಗಡಿಗೊಂದು ಇದ್ದರೂ ಸಾಮಾನ್ಯವಾಗಿ ಎರಡು-ಮೂರು ಸಾವಿರ ರೂಪಾಯಿಯ ಸುತ್ತಮುತ್ತ. ಎಂಟು ಅಥವಾ ಹೆಚ್ಚು ಕೋರುಗಳ ಬಲಿಷ್ಠ ಪ್ರೊಸೆಸರನ್ನು ವೃತ್ತಿಗಾಗಿ ದುಡಿಸುವವರು ಥರ್ಮಲ್‌ರೈಟ್ ಪೀರ್‌ಲೆಸ್ ಅಸಾಸಿನ್ 120 ಎಸ್‌ಇ ನೋಡಬಹುದು. ಅದರಲ್ಲಿ ಎರಡು ಗೋಪುರ, ಆರು ಕೊಳವೆ, ಎರಡು ಫ್ಯಾನ್. ಹತ್ತು ಸಾವಿರ ಮೀರುವ ಪ್ರಸಿದ್ಧ ಕೂಲರುಗಳ ಹತ್ತಿರ ಹತ್ತಿರ ಕೆಲಸ ಮಾಡುತ್ತದೆ, ಬೆಲೆ ಅರ್ಧದ ಒಳಗೆ. ಇದಕ್ಕೂ ಮೇಲಿನದನ್ನು ಹದಿನೈದು ಸಾವಿರದ ಪ್ರೊಸೆಸರಿಗೆ ಹಾಕುವುದು ಮೂಗಿಗಿಂತ ಮೂಗುತಿ ಭಾರ.

ಅತಿ ಅಗ್ಗದ, ಹೆಸರು ಕೇಳರಿಯದ ಡಬ್ಬಿಗಳ ವಿಷಯದಲ್ಲಿ ಎಚ್ಚರ ಬೇಕು. ಫ್ಯಾನಿನ ವೈರಿನ ತುದಿಯಲ್ಲಿ ನಾಲ್ಕು ತೂತುಗಳ ಕನೆಕ್ಟರ್ ಇದೆಯೇ ನೋಡಿ. ಹಾಗಿದ್ದರೆ ಕಂಪ್ಯೂಟರ್ ಬಿಸಿಗೆ ತಕ್ಕಂತೆ ಫ್ಯಾನಿನ ವೇಗವನ್ನು ಏರಿಸಿ ಇಳಿಸುತ್ತದೆ. ನೇರವಾಗಿ ಪವರ್ ಸಪ್ಲೈಗೆ ಜೋಡಿಸುವಂಥದ್ದಾದರೆ ಅದು ಹಗಲಿರುಳು ಒಂದೇ ವೇಗದಲ್ಲಿ ಕೂಗುತ್ತಿರುತ್ತದೆ. ಹತ್ತಡಿ ಕೋಣೆಯಲ್ಲಿ ಪಕ್ಕದಲ್ಲೇ ಮಲಗುವ ಅಜ್ಜ-ಅಜ್ಜಿಯರಿಗೆ ಅದೊಂದು ಶಿಕ್ಷೆ. ಬಣ್ಣದ ದೀಪ ಬಿಸಿಯನ್ನು ಒಂದು ಡಿಗ್ರಿಯೂ ಇಳಿಸುವುದಿಲ್ಲ, ಬೆಲೆಯನ್ನು ಮಾತ್ರ ಏರಿಸುತ್ತದೆ.

ಅಳತೆ ತಪ್ಪಿದರೆ ಅಲೆದಾಟ

ಲ್ಯಾಮಿಂಗ್ಟನ್ ರೋಡಿಗೆ ಹೋಗುವವರು, ದಿಲ್ಲಿಯ ನೆಹರು ಪ್ಲೇಸ್, ಚೆನ್ನೈನ ರಿಚ್ಚಿ ಸ್ಟ್ರೀಟ್ ಸುತ್ತುವವರು ಒಂದು ಚೀಟಿಯಲ್ಲಿ ಎರಡು ವಿಷಯ ಬರೆದುಕೊಂಡು ಹೋಗಬೇಕು. ಒಂದು, ಮದರ್‌ಬೋರ್ಡಿನ ಸಾಕೆಟ್. ಇಂಟೆಲಿನ ಎಲ್‌ಜಿಎ 1200 ಮತ್ತು ಅದರ ಹಿಂದಿನ 1150, 1151, 1155ಗಳಲ್ಲಿ ಕೂಲರ್ ಕೂರಿಸುವ ತೂತುಗಳ ಅಂತರ 75 ಮಿ.ಮೀ.; 2021ರಲ್ಲಿ ಬಂದ ಎಲ್‌ಜಿಎ 1700ರಲ್ಲಿ 78 ಮಿ.ಮೀ. ಮೂರೇ ಮಿ.ಮೀ. ವ್ಯತ್ಯಾಸವಾದರೂ ಹಳೆಯ ಕೂಲರ್ ಹೊಸದಕ್ಕೆ ಕೂರುವುದಿಲ್ಲ, ಬೇರೆ ಜೋಡಣೆಯ ಪಟ್ಟಿ ಬೇಕು. ಎಎಂಡಿಯ ಎಎಂ4ಗೆ ಕೊಂಡ ಕೂಲರುಗಳಲ್ಲಿ ಬೋರ್ಡಿನ ಮೂಲ ಹಿಂಫಲಕವನ್ನೇ ಬಳಸುವಂಥವು 2022ರಲ್ಲಿ ಬಂದ ಎಎಂ5ಕ್ಕೂ ಹೊಂದುತ್ತವೆ.

ಇನ್ನೊಂದು, ಕ್ಯಾಬಿನೆಟ್ಟಿನ ಅಗಲ. ಎಕೆ400ರ ಎತ್ತರ 155 ಮಿ.ಮೀ. ಹದಿನೆಂಟು ಸೆಂಟಿಮೀಟರ್ ಅಗಲದ ಹಳೆಯ ಕ್ಯಾಬಿನೆಟ್ಟಿನಲ್ಲಿ ಅದನ್ನು ಕೂರಿಸಿದರೆ ಪಕ್ಕದ ಮುಚ್ಚಳ ಹಾಕಲು ಬರುವುದಿಲ್ಲ. ಹೊರ ಅಗಲದಿಂದ ಸುಮಾರು 5 ಸೆಂ.ಮೀ. ಕಳೆದು ಉಳಿದದ್ದಕ್ಕಿಂತ ಕೂಲರ್ ಎತ್ತರ ಕಡಿಮೆಯಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಸಂಘದ ಕಚೇರಿಗಳಲ್ಲಿ ದಾನವಾಗಿ ಬಂದ ಹಳೆಯ ಯಂತ್ರಗಳೇ ಹೆಚ್ಚು; ಅವುಗಳಿಗೆ ಗೋಪುರಕ್ಕಿಂತ, ಕೆಳಮುಖವಾಗಿ ಗಾಳಿ ಬಿಡುವ ತಗ್ಗು ಕೂಲರೇ ಸರಿ.

ಅಂಗಡಿಯಲ್ಲಿ ಜಿಎಸ್‌ಟಿ ಸಹಿತ ಬಿಲ್ಲು ಕೇಳಿ ಪಡೆಯಿರಿ. 'ಬಿಲ್ಲಿಲ್ಲದಿದ್ದರೆ ಇಷ್ಟು ಕಡಿಮೆ' ಎಂಬ ಮಾತಿಗೆ ಮರುಳಾದರೆ ವಾರಂಟಿಯ ಹೊತ್ತಿಗೆ ಕೈಯಲ್ಲಿ ಕಾಗದವಿರುವುದಿಲ್ಲ.

ನೀರಿನ ಕೂಲರ್ ಬೇಕೇ?

ಈಗಿನ ಹುಡುಗರ ಬಾಯಲ್ಲಿ ಲಿಕ್ವಿಡ್ ಕೂಲರಿನದೇ ಮಾತು. ಪ್ರೊಸೆಸರಿನ ಮೇಲೊಂದು ಪುಟ್ಟ ಪಂಪು, ಎರಡು ರಬ್ಬರ್ ಕೊಳವೆ, ಕ್ಯಾಬಿನೆಟ್ಟಿನ ಗೋಡೆಗೊಂದು ರೇಡಿಯೇಟರ್, ಕಾರಿನ ವ್ಯವಸ್ಥೆಯಂತೆಯೇ. ಐ9 ದರ್ಜೆಯ ಪ್ರೊಸೆಸರಿನಲ್ಲಿ ಗಂಟೆಗಟ್ಟಲೆ ಅನಿಮೇಶನ್ ಮಾಡುವ ಸ್ಟುಡಿಯೋಗಳಿಗೆ ದೊಡ್ಡ ರೇಡಿಯೇಟರಿನ ನೀರಿನ ಕೂಲರ್ ಬೇಕಾಗುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದೇ ಫ್ಯಾನಿನ 120 ಮಿ.ಮೀ. ನೀರಿನ ಕೂಲರ್ ಹೆಚ್ಚುಕಡಿಮೆ ಒಳ್ಳೆಯ ಗಾಳಿ ಗೋಪುರದಷ್ಟೇ ಕೆಲಸ ಮಾಡುತ್ತದೆ, ಬೆಲೆ ಮಾತ್ರ ಹೆಚ್ಚು. ಪಂಪು ನಿಂತರೆ ಇಡೀ ಘಟಕವನ್ನೇ ಎಸೆಯಬೇಕು. ಒಳಗಿನ ದ್ರವ ವರ್ಷಗಳಲ್ಲಿ ಕೊಳವೆಯ ಗೋಡೆಯ ಮೂಲಕ ನಿಧಾನವಾಗಿ ಇಂಗಿ ಕಡಿಮೆಯಾಗುತ್ತದೆ, ಅನೇಕ ಮಾದರಿಗಳಲ್ಲಿ ಮತ್ತೆ ತುಂಬುವ ಸೌಕರ್ಯವಿಲ್ಲ. ಕಾಲೇಜಿಗೆ ಹೋಗುವ ಮಗ ಹಠ ಹಿಡಿದರೆ, ಆ ಹಣದಲ್ಲಿ ಒಂದು ಒಳ್ಳೆಯ ಎಸ್‌ಎಸ್‌ಡಿ ಅಥವಾ ಇನ್ನಷ್ಟು ರ‍್ಯಾಮ್ ಹಾಕಿಸಿದರೆ ಓದಿಗೆ ಹೆಚ್ಚು ಪ್ರಯೋಜನವೆಂದು ಹೇಳಿ ನೋಡಿ.

ಖರ್ಚೇ ಇಲ್ಲದ ಉಪಾಯವೊಂದಿದೆ, ಅಂಗಡಿಯವರು ಅಪರೂಪಕ್ಕೂ ಹೇಳುವುದಿಲ್ಲ. ಬಯೋಸ್‌ನಲ್ಲಿ ಪ್ರೊಸೆಸರಿನ ವಿದ್ಯುತ್ ಮಿತಿಯನ್ನು ಇಳಿಸಬಹುದು. ಎಎಂಡಿಯಲ್ಲಿ ಇದಕ್ಕೆ 'ಇಕೋ ಮೋಡ್' ಎಂದೇ ಹೆಸರು. 7600ಎಕ್ಸ್‌ನಂತಹ ಮಾದರಿಯನ್ನು ಅದರ 105 ವ್ಯಾಟ್ ದರ್ಜೆಯಿಂದ 65ಕ್ಕೆ ಇಳಿಸಿದರೆ ವೇಗ ಸ್ವಲ್ಪವೇ ತಗ್ಗುತ್ತದೆ, ಬಿಸಿ ಮತ್ತು ಸದ್ದು ಬಹಳಷ್ಟು ತಗ್ಗುತ್ತವೆ. ಕೊನೆಯ ನಾಲ್ಕಾರು ಶೇಕಡಾ ವೇಗಕ್ಕಾಗಿ ಪ್ರೊಸೆಸರುಗಳು ಅಗತ್ಯಕ್ಕಿಂತ ಹೆಚ್ಚು ವಿದ್ಯುತ್ ನುಂಗುವುದೇ ಇದಕ್ಕೆ ಕಾರಣ. ಬೇಸಿಗೆಯ ಮೂರು ತಿಂಗಳು ಮಾತ್ರ ಹೀಗೆ ಇಟ್ಟುಕೊಂಡರೂ ಸಾಕು.

ಜೋಡಿಸುವಾಗ ಕೂಲರಿನ ತಳಕ್ಕೆ ಅಂಟಿಸಿದ ಪ್ಲಾಸ್ಟಿಕ್ ಹಾಳೆಯನ್ನು ಮೊದಲು ಕೀಳಬೇಕು. ಇದು ಚಿಕ್ಕ ವಿಷಯವೆನಿಸಿದರೂ, ಹೊಸ ಕೂಲರ್ ಹಾಕಿಯೂ ಬಿಸಿ ಇಳಿಯಲಿಲ್ಲವೆಂಬ ದೂರಿಗೆ ಎಷ್ಟೋ ಕಡೆ ಇದೇ ಕಾರಣ. ಸ್ಕ್ರೂಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಇಂಟೆಲ್ ಜೊತೆ ಬರುವ ಕೂಲರಿನ ನಾಲ್ಕು ಪ್ಲಾಸ್ಟಿಕ್ ಗೂಟಗಳಲ್ಲಿ ಒಂದು ಸರಿಯಾಗಿ ಕೂರದಿದ್ದರೂ ಒಂದು ಬದಿ ಎದ್ದು ಬಿಸಿ ಏರುತ್ತದೆ. ಬೋರ್ಡಿನ ಹಿಂಬದಿಯಿಂದ ನೋಡಿ ನಾಲ್ಕೂ ಹೊರಬಂದಿವೆಯೇ ಎಂದು ಖಾತ್ರಿಪಡಿಸಿಕೊಳ್ಳಿ. ಎಎಂ4 ಯಂತ್ರದ ಹಳೆಯ ಕೂಲರನ್ನು ತೆಗೆಯುವ ಮೊದಲು ಹತ್ತು ನಿಮಿಷ ಕಂಪ್ಯೂಟರ್ ಓಡಿಸಿ ಪೇಸ್ಟ್ ಮೆತ್ತಗಾಗಲು ಬಿಡಿ. ಆಮೇಲೆ ಆರಿಸಿ, ಪ್ಲಗ್ ಕಿತ್ತು, ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲನೆ ತಿರುಚಿ ಬಿಡಿಸಬೇಕು. ನೇರವಾಗಿ ಎಳೆದರೆ ಪ್ರೊಸೆಸರ್ ಕೂಡ ಅಂಟಿಕೊಂಡು ಕಿತ್ತು ಬಂದು, ಅದರ ಕೆಳಗಿನ ಸೂಜಿಯಂತಹ ಕಾಲುಗಳು ಬಾಗುತ್ತವೆ.

ಇನ್ನು, ಮನೆ ಬದಲಿಸುವಾಗಲೋ, ಹಳೆಯ ಕಂಪ್ಯೂಟರನ್ನು ಊರಿನ ಮಕ್ಕಳಿಗೆಂದು ಬಸ್ಸಿನಲ್ಲಿ ಕಳುಹಿಸುವಾಗಲೋ ಗೋಪುರ ಕೂಲರ್ ಇರುವ ಕ್ಯಾಬಿನೆಟ್ಟನ್ನು ನಿಲ್ಲಿಸಿಡಬಾರದು. ಅರ್ಧ ಕಿಲೋಗೂ ಮೀರಿದ ಭಾರ ಬೋರ್ಡಿನಿಂದ ಅಡ್ಡಲಾಗಿ ಜೋತಿರುತ್ತದೆ. ಘಾಟಿಯ ಹೊಂಡಗುಂಡಿಯಲ್ಲಿ ಅದು ಕುಲುಕಾಡಿದರೆ ಬೋರ್ಡಿಗೇ ಅಪಾಯ. ಮದರ್‌ಬೋರ್ಡ್ ತಳದಲ್ಲಿ ಬರುವಂತೆ ಕ್ಯಾಬಿನೆಟ್ಟನ್ನು ಮಲಗಿಸಿ ಕಳುಹಿಸಿ. ದೂರದ ಪಯಣವಾದರೆ ಕೂಲರನ್ನು ಬಿಚ್ಚಿ ಬೇರೆ ಡಬ್ಬಿಯಲ್ಲಿ ಹಾಕಿ, ಜೊತೆಗೊಂದು ಪೇಸ್ಟಿನ ಟ್ಯೂಬನ್ನೂ ಇಡಿ.